ಗುಳೆ ಹೋಗುವವರ ಲೆಕ್ಕ

ಇದು ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ, ಕೆಲವು ಕಡೆ ಕತ್ತರಿಸಿದ್ದೇನೆ. ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಕೊನೆಗೆ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಜನ ಹಳ್ಳಿ ಬಿಟ್ಟು ಪಟ್ಟಣಕ್ಕೆ ಯಾಕೆ ಹೋಗುತ್ತಾರೆ ಅಂತ ಕೇಳಿದರೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಬರ ಬಿತ್ತು, ಹೊಟ್ಟೆಗಿಲ್ಲ, ಅದಕ್ಕೆ ಹೋದರು. ಇಲ್ಲವಾದರೆ, ಹೊಲದಲ್ಲಿ ದುಡಿಯೋಕೆ ಬೇಜಾರು, ಪಟ್ಟಣದ ಶೋಕಿ ಬೇಕು, ಅದಕ್ಕೆ ಹೋದರು. ಮೊದಲನೆಯದನ್ನು ಕರುಣೆಯಿಂದ ಹೇಳುತ್ತೇವೆ, ಎರಡನೆಯದನ್ನು ಸಿಟ್ಟಿನಿಂದ. ಹೋಗುವವರ ತಲೆಯಲ್ಲಿ ಒಂದು ಲೆಕ್ಕ ಇರುತ್ತದೆ ಅನ್ನೋದನ್ನು ಎರಡರಲ್ಲೂ ಮರೆಯುತ್ತೇವೆ. ಇವತ್ತು ಆ ಲೆಕ್ಕದ ಬಗ್ಗೆಯೇ ಮಾತಾಡಬೇಕು ಅಂತ ಬಂದಿದ್ದೇನೆ.

ದೇಶದ ವಲಸೆ ಪೂರ್ತಿ ಹೇಳೋಕೆ ಹೋಗುವುದಿಲ್ಲ, ಅದು ಬಹಳ ದೊಡ್ಡದು. 2011ರ ಜನಗಣತಿ ಪ್ರಕಾರ ಹುಟ್ಟಿದ ಊರು ಅಥವಾ ಮೊದಲಿದ್ದ ಊರು ಬಿಟ್ಟು ಬೇರೆ ಕಡೆ ಇರುವವರು ಭಾರತದಲ್ಲಿ 45 ಕೋಟಿಗೂ ಜಾಸ್ತಿ. ಅದರಲ್ಲಿ ಅರ್ಧದ ಹತ್ತಿರ ಜನ ಹೊರಟಿದ್ದು ಮದುವೆಯ ಕಾರಣಕ್ಕೆ, ಅಂದರೆ ಗಂಡನ ಊರಿಗೆ ಹೋದ ಹೆಣ್ಣುಮಕ್ಕಳು. ನಾನು ಮಾತಾಡುವುದು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ದೀಪಾವಳಿ ಕಳೆದ ಮೇಲೆ ಗುಳೆ ಹೊರಡುವ ಜನರ ಬಗ್ಗೆ. ಅವರಲ್ಲಿ ಕೆಲವರು ಮುಂಬೈ, ಪುಣೆ, ಗೋವಾಕ್ಕೆ ಹೋಗುತ್ತಾರೆ. ಕೆಲವರು ಹೈದರಾಬಾದಿಗೆ, ಕೆಲವರು ಕಬ್ಬು ಕಡಿಯೋಕೆ. ಬೆಂಗಳೂರಿಗೆ ಬರುವವರನ್ನು ನೀವು ದಿನಾ ನೋಡುತ್ತೀರಿ. ನಿಮ್ಮ ಓಣಿಯಲ್ಲಿ ಮನೆ ಕಟ್ಟುತ್ತಿದ್ದರೆ ಅಲ್ಲಿ ಬುಟ್ಟಿ ಹೊರುತ್ತಿರುವವರನ್ನು ಒಂದು ಸಲ ಮಾತಾಡಿಸಿ ನೋಡಿ.

ನವೆಂಬರ್ ತಿಂಗಳಲ್ಲಿ ಒಂದು ಸಂಜೆ ಸುರಪುರದ್ದೋ ಶಹಾಪುರದ್ದೋ ಬಸ್ ನಿಲ್ದಾಣಕ್ಕೆ ಹೋದರೆ ಬೆಂಗಳೂರು ಬಸ್ಸಿಗೆ ಕಾಯುವವರ ಸಾಮಾನು ನೋಡಬೇಕು. ಅರ್ಧ ಕ್ವಿಂಟಲ್ ಜೋಳದ ಚೀಲ, ಒಂದು ಬಟ್ಟೆ ಗಂಟಿನಲ್ಲಿ ಖಡಕ್ ರೊಟ್ಟಿ, ಡಬ್ಬಿಯಲ್ಲಿ ಶೇಂಗಾ ಹಿಂಡಿ, ಕೆಂಪು ಖಾರ, ಎರಡು ಕೌದಿ, ಸ್ಟೀಲ್ ಕೊಡ, ಅಡಿಗೆ ಪಾತ್ರೆ, ಮಡಿಚಿ ಕಟ್ಟಿದ ತಾಡಪತ್ರಿ. ತಾಡಪತ್ರಿ ಅಂದರೆ ಹೋದ ಕಡೆ ಮನೆ ಇಲ್ಲ, ಮನೆಯನ್ನೂ ಹೊತ್ತುಕೊಂಡು ಹೋಗಬೇಕು ಅಂತ ಅರ್ಥ. ಜೋಳದ ಚೀಲದ ಗಾತ್ರ ನೋಡಿದರೆ ಎಷ್ಟು ತಿಂಗಳಿಗೆ ಹೊರಟಿದ್ದಾರೆ ಅಂತ ಹೇಳಿಬಿಡಬಹುದು. ಸ್ವಲ್ಪ ದೂರದಲ್ಲಿ, ಇವರನ್ನು ಕೆಲಸಕ್ಕೆ ಕರೆದುಕೊಂಡು ಹೋಗುವ ಮೇಸ್ತ್ರಿ ಫೋನಿನಲ್ಲಿ ಮಾತಾಡುತ್ತಾ ನಿಂತಿರುತ್ತಾನೆ. ಅವನೂ ಅದೇ ಊರಿನವನು, ಬಹಳ ಸಲ ಅದೇ ಓಣಿಯವನು. ಗಾಬರಿಯಿಂದ ಓಡಿಹೋಗುತ್ತಿರುವ ಜನ ಇವರಲ್ಲ ಅನ್ನೋದು ಆ ಸಾಮಾನು ನೋಡಿದರೇ ಗೊತ್ತಾಗುತ್ತದೆ. ಎಲ್ಲವನ್ನೂ ಯೋಚನೆ ಮಾಡಿ, ಎಣಿಸಿ, ಕಟ್ಟಿ ಹೊರಟಿದ್ದಾರೆ.

ಈಗ ಬರದ ಮಾತಿಗೆ ಬರೋಣ. 2023ರಲ್ಲಿ ಕರ್ನಾಟಕದಲ್ಲಿ ದೊಡ್ಡ ಬರ ಬಂತು, ಸರ್ಕಾರ 223 ತಾಲೂಕುಗಳನ್ನು ಬರಪೀಡಿತ ಅಂತ ಘೋಷಿಸಿತು. ಆ ವರ್ಷ ಗುಳೆ ಹೋದರು ಅನ್ನೋದರಲ್ಲಿ ಆಶ್ಚರ್ಯ ಇಲ್ಲ. ಆದರೆ ಅದರ ಹಿಂದಿನ ವರ್ಷ ಮಳೆ ಜೋರಾಗಿಯೇ ಇತ್ತು. ಆಗಲೂ ಹೋದರು. ಬರ ಬಂದರೆ ಹೋಗುವವರ ಸಂಖ್ಯೆ ಹೆಚ್ಚಾಗುತ್ತದೆ, ಬೇಗ ಹೊರಡುತ್ತಾರೆ, ಹೊಲ ಇದ್ದವರೂ ಹೊರಡುತ್ತಾರೆ. ಇಷ್ಟೆಲ್ಲ ನಿಜ. ಆದರೆ ಮಳೆ ಚೆನ್ನಾಗಿ ಆದ ವರ್ಷವೂ ಯಾಕೆ ನಿಲ್ಲುವುದಿಲ್ಲ ಅನ್ನೋದಕ್ಕೆ ಬರದಲ್ಲಿ ಉತ್ತರ ಇಲ್ಲ.

ಒಣಭೂಮಿಯ ಹಳ್ಳಿಯಲ್ಲಿ ಕೆಲಸದ ವರ್ಷ ಹೇಗಿರುತ್ತದೆ ನೋಡಿ. ಜೂನ್, ಜುಲೈನಲ್ಲಿ ತೊಗರಿ, ಹತ್ತಿ, ಸಜ್ಜೆ ಬಿತ್ತುತ್ತಾರೆ. ಆಮೇಲೆ ಕಳೆ ತೆಗೆಯುವ ಕೆಲಸ, ಅದು ಹೆಚ್ಚಾಗಿ ಹೆಂಗಸರದ್ದು. ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ ಇದ್ದರೆ ಹಿಂಗಾರಿಗೆ ಬಿಳಿಜೋಳ, ಕಡಲೆ. ಅಕ್ಟೋಬರ್‌ನಿಂದ ಹತ್ತಿ ಬಿಡಿಸೋದು, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ರಾಯಚೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಅಷ್ಟರಲ್ಲಿ ಇದೆಲ್ಲ ಆಗಬೇಕು. ಒಟ್ಟು ಹಾಕಿದರೆ ಒಬ್ಬ ಕೂಲಿಗೆ ನಾಲ್ಕೈದು ತಿಂಗಳ ಕೆಲಸ. ಅದೂ ಎಡೆಬಿಡದೆ ಸಿಗುವುದಿಲ್ಲ. ಇವತ್ತು ಇದೆ, ಮುಂದಿನ ವಾರ ಇಲ್ಲ.

ಆ ನಾಲ್ಕೈದು ತಿಂಗಳೂ ಈಗ ಸವೆಯುತ್ತಿವೆ. ಸಿಂಧನೂರು, ಮಾನ್ವಿ ಕಡೆ ಭತ್ತದ ಗದ್ದೆಗೆ ಕಟಾವು ಮಷಿನ್ ಬಂದಿದೆ. ಒಂದು ಊರಿನ ಜನ ವಾರಗಟ್ಟಲೆ ಮಾಡುತ್ತಿದ್ದ ಕೊಯ್ಲು ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಇನ್ನೊಂದು, ಯಾರೂ ಅಷ್ಟಾಗಿ ಮಾತಾಡದ ವಿಷಯ, ಕಳೆನಾಶಕ. ಒಬ್ಬ ಗಂಡಸು ಬೆನ್ನಿಗೆ ಪಂಪು ಕಟ್ಟಿಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಹೊಡೆದರೆ ಹತ್ತಾರು ಹೆಂಗಸರ ಕಳೆ ಕೂಲಿ ಹೋಯಿತು. ಹೊಲದ ಯಜಮಾನನಿಗೆ ಖರ್ಚು ಉಳಿಯಿತು, ಅವನದೂ ತಪ್ಪಲ್ಲ, ಅವನಿಗೂ ಸಾಲ ಇದೆ. ಆದರೆ ಆ ಹೆಂಗಸರು ಶ್ರಾವಣದಲ್ಲಿ ಕೈಗೆ ಬರುತ್ತಿದ್ದ ದುಡ್ಡನ್ನು ಈಗ ಬೇರೆ ಎಲ್ಲಿಂದ ತರಬೇಕು?

ಹೊಲ ಇದ್ದವರ ಕಥೆಯೂ ಬಹಳ ಬೇರೆ ಇಲ್ಲ. 1970–71ರಲ್ಲಿ ಭಾರತದಲ್ಲಿ ಒಂದು ಹಿಡುವಳಿಯ ಸರಾಸರಿ 2.28 ಹೆಕ್ಟೇರ್ ಇತ್ತು, 2015–16ರ ಹೊತ್ತಿಗೆ 1.08ಕ್ಕೆ ಬಂತು. ಕರ್ನಾಟಕದಲ್ಲಿ 1.36. ನೀರಾವರಿ ಇದ್ದರೆ ಅಷ್ಟರಲ್ಲೂ ಬದುಕಬಹುದು. ಮಳೆ ನಂಬಿದ ಮೂರು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರೆ ಯಾರಿಗೂ ಆಗುವುದಿಲ್ಲ. ಒಬ್ಬ ಉಳಿದು ಮೂವರ ಹೊಲ ಮಾಡುತ್ತಾನೆ, ಇಬ್ಬರು ಹೊರಡುತ್ತಾರೆ.

ಆದರೂ ನಾನು ಹೇಳಬೇಕಾದ ಮುಖ್ಯ ಮಾತು ಇದಲ್ಲ.

ಶಹಾಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳ ಜೊತೆ ಅವರ ಕಟ್ಟೆ ಮೇಲೆ ಕೂತು ಮಾತಾಡುತ್ತಿದ್ದೆ. ನಾಲ್ಕು ದಿನ ಬಿಟ್ಟು ಗಂಡ ಹೆಂಡತಿ ಬೆಂಗಳೂರಿಗೆ ಹೊರಡುವವರಿದ್ದರು. ರೇಷನ್ ಬರುತ್ತದೆ, ಮನೆಯಲ್ಲಿ ಜೋಳ ಇದೆ, ಆದರೂ ಯಾಕೆ ಹೋಗಬೇಕು ಅಂತ ಕೇಳಿದೆ. ಅವರು ಹೇಳಿದ್ದು ಇಷ್ಟು: "ಹೊಟ್ಟಿಗೆ ಏನ್ ಕಮ್ಮಿ ಇಲ್ರಿ ಸರ. ಅಕ್ಕಿ ಬರ್ತಾವ, ಜ್ವಾಳ ಅದಾವ. ಸಾಲಕ್ಕ ಅಕ್ಕಿ ಕೊಟ್ರ ತಗೋತಾರೇನ್ರಿ?"

ಗಂಡನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಅದಕ್ಕೆ ಸಾಲ ಮಾಡಿದ್ದರು, ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಹಳ್ಳಿಯಲ್ಲಿ ಈ ದರ ಮಾಮೂಲು, ಯಾರೂ ಅದನ್ನು ಜಾಸ್ತಿ ಅನ್ನುವುದಿಲ್ಲ. ನೀವೇ ಲೆಕ್ಕ ಹಾಕಿ. ಅರವತ್ತು ಸಾವಿರ ತೆಗೆದುಕೊಂಡರೆ ತಿಂಗಳಿಗೆ 1,800 ಬಡ್ಡಿ, ವರ್ಷಕ್ಕೆ 21,600. ಅಸಲು ಹಾಗೇ ಕೂತಿರುತ್ತದೆ. ಹಳ್ಳಿಯ ಕೂಲಿ ಹನಿ ಹನಿಯಾಗಿ ಬರುತ್ತದೆ, ಬಂದದ್ದು ಉಪ್ಪು, ಎಣ್ಣೆ, ಮಗುವಿನ ಜ್ವರಕ್ಕೆ ಖರ್ಚಾಗುತ್ತದೆ. ದೊಡ್ಡ ಖರ್ಚು ಹಾಗಲ್ಲ, ಒಂದೇ ಸಲಕ್ಕೆ ಬಂದು ನಿಲ್ಲುತ್ತದೆ. ಆಪರೇಷನ್, ಮಗಳ ಮದುವೆ, ಬಿದ್ದ ಗೋಡೆ, ಬೋರ್‌ವೆಲ್, ಮಗನ ಕಾಲೇಜು ಫೀಸು. ಇದಕ್ಕೆಲ್ಲ ಬೇಕಾಗುವುದು ಇಡಿಗಂಟು ದುಡ್ಡು. ಆ ಇಡಿಗಂಟನ್ನು ಕೊಡೋಕೆ ಹಳ್ಳಿಯಲ್ಲಿ ಸಾಹುಕಾರನನ್ನು ಬಿಟ್ಟರೆ ಇನ್ನೊಬ್ಬನೇ ಇದ್ದಾನೆ, ಮೇಸ್ತ್ರಿ.

ಮೇಸ್ತ್ರಿ ಶ್ರಾವಣದಲ್ಲೇ ಬಂದು ಮುಂಗಡ ಕೊಟ್ಟು ಹೋಗುತ್ತಾನೆ. ಆ ಹೊತ್ತಿಗೆ ಬೀಜ, ಗೊಬ್ಬರಕ್ಕೆ ಹಾಕಿ ಎಲ್ಲರ ಕೈ ಖಾಲಿ. ಇಪ್ಪತ್ತೋ ಮೂವತ್ತೋ ಸಾವಿರ ಎಣಿಸಿ ಕೊಡುತ್ತಾನೆ, ಪತ್ರ ಇಲ್ಲ, ಜಾಮೀನು ಇಲ್ಲ, ಬ್ಯಾಂಕಿನ ಹಾಗೆ ಹತ್ತು ಸಲ ತಿರುಗಿಸುವುದಿಲ್ಲ. ಗಂಡ ಹೆಂಡತಿ ಜೋಡಿಯಾಗಿ ಬಂದು ಇಂತಿಷ್ಟು ತಿಂಗಳು ದುಡಿಯಬೇಕು, ಅಷ್ಟೇ. ಅಂದರೆ ದೀಪಾವಳಿ ಆದ ಮೇಲೆ ಹೋಗಬೇಕೋ ಬೇಡವೋ ಅನ್ನೋ ತೀರ್ಮಾನ ಆಗಸ್ಟ್‌ನಲ್ಲೇ ಆಗಿಹೋಗಿರುತ್ತದೆ. ಆಮೇಲೆ ಮಳೆ ಎಷ್ಟು ಚೆನ್ನಾಗಿ ಬಂದರೂ ಅದು ಬದಲಾಗುವುದಿಲ್ಲ. ಮಳೆ ಆದ ವರ್ಷವೂ ಬಸ್ ನಿಲ್ದಾಣ ತುಂಬಿರುವುದು ಇದಕ್ಕೇ.

ಹೋದವರಿಗೆ ಏನು ಸಿಗುತ್ತದೆ? ಲೆಕ್ಕಕ್ಕೆ ಅಂತ ಗಂಡಾಳಿಗೆ ದಿನಕ್ಕೆ 600, ಹೆಣ್ಣಾಳಿಗೆ 450 ಇಟ್ಟುಕೊಳ್ಳಿ. ತಿಂಗಳಿಗೆ 24 ದಿನ ಕೆಲಸ ಸಿಕ್ಕರೆ 25,200. ಊಟ, ಸೌದೆ ಅಥವಾ ಗ್ಯಾಸು, ಫೋನು, ಔಷಧಿಗೆ ಹತ್ತು ಸಾವಿರ ಹೋದರೂ ಹದಿನೈದು ಸಾವಿರ ಉಳಿಯುತ್ತದೆ. ಆರು ತಿಂಗಳಿಗೆ 90,000. ಶೆಡ್ಡಿಗೆ ಬಾಡಿಗೆ ಇಲ್ಲ, ಜೋಳ ಊರಿಂದ ತಂದದ್ದು. ಹೀಗೆ ಕೂಡಿ ಕಳೆದು ನೋಡಿದರೆ ಒಂದೇ ಸುಗ್ಗಿಯಲ್ಲಿ ಸಾಲ ತೀರಿಸಿ ಸ್ವಲ್ಪ ಕೈಗೂ ಬರುತ್ತದೆ. ಇದೇ ಕುಟುಂಬ ಊರಲ್ಲೇ ಇದ್ದರೆ ಉದ್ಯೋಗ ಖಾತ್ರಿ ಕೆಲಸ ಮಾಡಬಹುದಿತ್ತು. 2005ರ ಕಾಯ್ದೆ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ ಅಂದಿತು, 2024–25ರಲ್ಲಿ ಕರ್ನಾಟಕದ ಕೂಲಿ ದಿನಕ್ಕೆ 349 ರೂಪಾಯಿ ಇತ್ತು. ನೂರಕ್ಕೆ ನೂರು ದಿನ ಸಿಕ್ಕರೂ 34,900. ನೂರು ದಿನ ಒಬ್ಬರಿಗಲ್ಲ, ಇಡೀ ಕುಟುಂಬಕ್ಕೆ, ಮತ್ತು ಪೂರ್ತಿ ನೂರು ದಿನ ಸಿಗುತ್ತಿದ್ದ ಮನೆಗಳು ಕಮ್ಮಿ.

ಖಾತ್ರಿ ಕೆಲಸದಿಂದ ಏನೂ ಆಗಲಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ಬಂದ ಮೇಲೆ ಹಳ್ಳಿಯಲ್ಲಿ ಹೆಂಗಸರ ಕೂಲಿ ಏರಿತು. ಗಂಡು ಹೆಣ್ಣಿಗೆ ಒಂದೇ ಕೂಲಿ ಅನ್ನೋದನ್ನು ಎಷ್ಟೋ ಹಳ್ಳಿಗಳು ಮೊದಲು ಕಂಡದ್ದೇ ಅಲ್ಲಿ. ವಯಸ್ಸಾದವರು, ಸಣ್ಣ ಮಕ್ಕಳ ತಾಯಂದಿರು ಊರಲ್ಲಿ ಉಳಿಯೋಕೆ ಆಯಿತು. ಆದರೆ ದುಡ್ಡು ಹದಿನೈದು ದಿನದಲ್ಲಿ ಕೊಡಬೇಕು ಅಂತ ಕಾಯ್ದೆಯಲ್ಲಿದ್ದರೂ ಎಷ್ಟೋ ಸಲ ಎರಡು ಮೂರು ತಿಂಗಳು ಬರಲಿಲ್ಲ. ಬೆಂಗಳೂರಿನಲ್ಲಿ ಶನಿವಾರವೋ ಭಾನುವಾರವೋ ಬಟವಾಡೆ ಆಗುತ್ತದೆ. ವಾರದ ಸಂತೆ ನಡೆಯುತ್ತದೆ. ಬಡವರಿಗೆ ಎಷ್ಟು ಕೂಲಿ ಅನ್ನೋದರಷ್ಟೇ ಯಾವತ್ತು ಕೂಲಿ ಅನ್ನೋದೂ ಮುಖ್ಯ.

ಇತ್ತೀಚೆಗೆ ಸಾಹುಕಾರನ ಜಾಗಕ್ಕೆ ಇನ್ನೊಬ್ಬರು ಬಂದಿದ್ದಾರೆ, ಮೈಕ್ರೋ ಫೈನಾನ್ಸಿನವರು. ಹಳ್ಳಿಯಲ್ಲಿ ಇದನ್ನು "ಸಂಘದ ಕಂತು" ಅಂತ ಕರೆಯುತ್ತಾರೆ. ವಾರ ವಾರ ಕಟ್ಟಬೇಕು, ಒಬ್ಬರು ತಪ್ಪಿದರೆ ಗುಂಪಿನ ಉಳಿದವರು ತುಂಬಬೇಕು. ವಾರ ವಾರ ಬರುವ ಆದಾಯ ಹಳ್ಳಿಯಲ್ಲಿ ಯಾರಿಗಿದೆ? ಕೂಲಿಗೆ ಹೋಗುವವರಿಗೆ ಅಂಥ ಆದಾಯ ಇರುವುದು ಪಟ್ಟಣದಲ್ಲಿ. ಹೀಗಾಗಿ ಹಳ್ಳಿಯ ಸಾಲವನ್ನು ಬೆಂಗಳೂರಿನ ಕೂಲಿಯಿಂದ ಕಟ್ಟುವ ಸ್ಥಿತಿ ಬಂದಿದೆ. 2025ರ ಶುರುವಿನಲ್ಲಿ ಕಂತಿನ ಕಿರುಕುಳ ತಾಳದೆ ಮನೆಗೆ ಬೀಗ ಹಾಕಿ ಊರೇ ಬಿಟ್ಟವರ ಸುದ್ದಿ ರಾಜ್ಯದ ಬೇರೆ ಬೇರೆ ಜಿಲ್ಲೆಗಳಿಂದ ಬಂತು. ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಬಲವಂತದ ವಸೂಲಿಗೆ ಅದು ಕಡಿವಾಣ. ಸಾಲ ಯಾಕೆ ಬೇಕಾಯಿತು ಅನ್ನೋದು ಹಾಗೇ ಉಳಿದಿದೆ.

ಇನ್ನೊಂದು ಕಾರಣ ಇದೆ, ಇದನ್ನು ಹೋಗುವವರು ನೇರವಾಗಿ ಹೇಳುವುದಿಲ್ಲ. ಯಾರು ಹೋಗುತ್ತಾರೆ ನೋಡಿ. ಭೂಮಿ ಇಲ್ಲದ ದಲಿತರು, ತಾಂಡಾಗಳ ಲಂಬಾಣಿಗರು, ಒಣಭೂಮಿ ನಂಬಿದ ಸಣ್ಣ ಹಿಡುವಳಿಯ ಬೇಡರು, ಕುರುಬರು. ಹಳ್ಳಿಯಲ್ಲಿ ಕೆಲಸ ಸಿಗುವುದೂ ಜಾತಿ ನೋಡಿ, ಕೆಲಸಕ್ಕೆ ಕರೆಯುವ ದನಿಯೂ ಜಾತಿ ನೋಡಿ. ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಕೊಂಡಾಡುವವರಿಗೆ ಎಷ್ಟು ಕಟುವಾಗಿ ಉತ್ತರ ಕೊಟ್ಟರು ಅನ್ನೋದನ್ನು ನೀವು ಓದಿರಬಹುದು. ಓದಿಲ್ಲದಿದ್ದರೆ ಓದಿ. ಬೆಂಗಳೂರಿನಲ್ಲಿ ಜಾತಿ ಇಲ್ಲ ಅಂತ ಅಲ್ಲ. ಬಾಡಿಗೆ ಮನೆ ಕೇಳೋಕೆ ಹೋದರೆ ಗೊತ್ತಾಗುತ್ತದೆ. ಆದರೆ ಒಬ್ಬ ಹುಡುಗ ನನಗೆ ಹೇಳಿದ: "ಅಲ್ಲಿ ಹೋಟೆಲ್‌ನಾಗ ಒಳಗ ಕುಂತು ಚಾ ಕುಡಿತೀನ್ರಿ. ಯಾವ ಓಣಿಯಾಂವ ಅಂತ ಯಾರೂ ಕೇಳಂಗಿಲ್ಲ." ಅವನು ದುಡಿಯುತ್ತಿದ್ದದ್ದು ಸೆಂಟ್ರಿಂಗ್ ಕೆಲಸದಲ್ಲಿ, ಮೂರನೇ ಮಹಡಿಯಲ್ಲಿ, ಕೆಳಗೆ ಬಲೆ ಇಲ್ಲದೆ. ಆ ಅಪಾಯ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಚಹಾಕ್ಕೆ ಅವನು ಕೊಟ್ಟ ಬೆಲೆಯನ್ನು ನಾವು ಹಗುರವಾಗಿ ನೋಡಬಾರದು.

ನೀರಾವರಿ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಬಹಳ ಜನ. ರಾಯಚೂರು ಜಿಲ್ಲೆಗೆ ನೀರು ಬಂದು ಎಷ್ಟೋ ವರ್ಷ ಆಯಿತು. ತುಂಗಭದ್ರಾ ಅಣೆಕಟ್ಟೆ 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸಿಂಧನೂರು, ಮಾನ್ವಿ ಕಡೆ ಹರಿದಾಗ ಕರಾವಳಿ ಆಂಧ್ರದಿಂದ ರೈತರು ಬಂದು ಜಮೀನು ಕೊಂಡು ನೆಲೆಸಿದರು. ಅವರ ಊರುಗಳನ್ನು ಇವತ್ತಿಗೂ "ಕ್ಯಾಂಪು" ಅಂತಲೇ ಕರೆಯುತ್ತಾರೆ. ಅವರು ಶ್ರಮಪಟ್ಟರು, ಭತ್ತ ಬೆಳೆದರು, ಅದರಲ್ಲಿ ಎರಡು ಮಾತಿಲ್ಲ. ಸ್ಥಳೀಯರಲ್ಲಿ ನೀರು ಬರುವ ಮುಂಚೆ ಕಡಿಮೆ ರೇಟಿಗೆ ಮಾರಿದವರು ಮುಂದೆ ಅದೇ ಗದ್ದೆಯಲ್ಲಿ ನಾಟಿ ಹಚ್ಚೋಕೆ ಹೋದರು. ಕಾಲುವೆಯ ಕೊನೆಯ ಹಳ್ಳಿಗಳಿಗೆ ನೀರು ಸರಿಯಾಗಿ ಮುಟ್ಟಲೇ ಇಲ್ಲ, ಪ್ರತಿ ವರ್ಷ ಅದಕ್ಕೆ ಗಲಾಟೆ ಆಗುತ್ತದೆ. ಹೀಗೆ ಒಂದೇ ಜಿಲ್ಲೆಗೆ ದುಡ್ಡಿದ್ದವರು ವಲಸೆ ಬಂದರು, ದುಡ್ಡಿಲ್ಲದವರು ವಲಸೆ ಹೋದರು. ನೀರು ಬಂದ ಮೇಲೆ ಅದು ಯಾರ ಹೊಲಕ್ಕೆ ಹೋಗುತ್ತದೆ ಅನ್ನೋದನ್ನೂ ಕೇಳಬೇಕು, ಅಲ್ವಾ?

2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ಕೊಟ್ಟಿತು. ಆಗ ಇದ್ದ 175 ತಾಲೂಕುಗಳಲ್ಲಿ 114 ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಅಂತ ಗುರುತಿಸಿತು. ಆ 39ರಲ್ಲಿ 21 ಇದ್ದದ್ದು ಕಲಬುರಗಿ ವಿಭಾಗ ಒಂದರಲ್ಲೇ. ಆಮೇಲೆ ಈ ಭಾಗದವರಿಗೆ ಓದು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಅಂತ ಹೆಸರಾಯಿತು. ಓದಿದ ಮಕ್ಕಳಿಗೆ ಮೀಸಲಾತಿಯಿಂದ ನಿಜವಾಗಿ ಅನುಕೂಲ ಆಗಿದೆ. ಆದರೆ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರಲ್ಲಿ ಶೇಕಡ 52ನ್ನೂ ಮುಟ್ಟಿರಲಿಲ್ಲ, ರಾಜ್ಯದಲ್ಲೇ ಕೊನೆ. ಓದು ಅರ್ಧಕ್ಕೆ ನಿಂತವರಿಗೆ ಸೀಟು, ನೌಕರಿಯ ಮೀಸಲಾತಿ ತಲುಪುವುದಿಲ್ಲ. ಓದು ನಿಲ್ಲೋಕೆ ಒಂದು ದೊಡ್ಡ ಕಾರಣ ಗುಳೆಯೇ. ಎರಡನೇ ಕ್ಲಾಸಿನ ಮಗು ಜೂನ್‌ನಲ್ಲಿ ಶಾಲೆಗೆ ಬಂತು, ನವೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಹೋಯಿತು. ಬೆಂಗಳೂರಿನಲ್ಲಿ ಶೆಡ್ಡಿನ ಹತ್ತಿರ ಟೆಂಟ್ ಶಾಲೆ ಇದ್ದರೆ ಪುಣ್ಯ. ಇಲ್ಲದಿದ್ದರೆ ತಂಗಿಯನ್ನು ಎತ್ತಿಕೊಂಡು ಮರಳಿನ ರಾಶಿ ಮೇಲೆ ಆಡುತ್ತಿರುತ್ತದೆ. ಮುಂದಿನ ಜೂನ್‌ನಲ್ಲಿ ಮೂರನೇ ಕ್ಲಾಸಿಗೆ ಬಂದು ಕೂರುತ್ತದೆ, ಅಕ್ಷರ ಮರೆತಿರುತ್ತದೆ. ಐದಾರು ವರ್ಷ ಹೀಗೇ ನಡೆದರೆ ಆ ಮಗು ಎಲ್ಲಿಗೆ ಮುಟ್ಟುತ್ತದೆ ಹೇಳಿ.

ಈಗ ಬೆಂಗಳೂರಿನ ಕಡೆಯಿಂದ ನೋಡೋಣ. ಈ ಊರು ವಲಸೆ ಬಂದವರಿಂದಲೇ ಬೆಳೆದದ್ದು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆಗ ಹಳ್ಳಿಯಿಂದ ಬಂದು ಈ ಕಾರ್ಖಾನೆ ಸೇರಿದವರಿಗೆ ಸಂಬಳದ ಜೊತೆ ಕ್ವಾರ್ಟರ್ಸ್, ಮಕ್ಕಳಿಗೆ ಶಾಲೆ, ಆಸ್ಪತ್ರೆ, ಪಿಎಫ್ ಸಿಕ್ಕಿತು. ಒಂದು ತಲೆಮಾರಿನಲ್ಲಿ ಅವರ ಮನೆಯ ಬದುಕೇ ಬದಲಾಯಿತು. ನಿಮ್ಮಲ್ಲಿ ಕೆಲವರ ತಾತಂದಿರು ಹಾಗೆ ಬಂದವರೇ ಇರಬಹುದು. ಇವತ್ತು ಯಾದಗಿರಿಯಿಂದ ಬರುವವರು ಅವರಷ್ಟೇ ಕಷ್ಟಪಡುತ್ತಾರೆ. ಅವರಿಗೆ ಸಿಗುವುದು ತಗಡಿನ ಶೆಡ್ಡು, ಟ್ಯಾಂಕರ್ ನೀರು, ಕಟ್ಟಡ ಮುಗಿದ ದಿನ ಜಾಗ ಖಾಲಿ ಮಾಡಿ ಅನ್ನೋ ಮಾತು. ಅದೇ ನಗರ, ಅದೇ ಹಳ್ಳಿಯ ಜನ. ಬದಲಾಗಿರುವುದು ನಗರ ಅವರಿಗೆ ಏನು ಕೊಡೋಕೆ ಒಪ್ಪಿದೆ ಅನ್ನೋದು.

ಕಾನೂನಿನಲ್ಲಿ ಒಂದು ವಿಚಿತ್ರ ಇತ್ತು. 1979ರಲ್ಲಿ ವಲಸೆ ಕಾರ್ಮಿಕರಿಗೆ ಅಂತ ಕಾಯ್ದೆ ಬಂತು, 2025ರವರೆಗೆ ಇತ್ತು. ಅದು ರಾಜ್ಯದ ಗಡಿ ದಾಟಿ ಹೋದವರಿಗೆ ಮಾತ್ರ. ರಾಯಚೂರಿನವರು ಗುತ್ತಿಗೆದಾರನ ಜೊತೆ ಹೈದರಾಬಾದಿಗೆ ಹೋದರೆ ಆ ಕಾಯ್ದೆಯ ಲೆಕ್ಕಕ್ಕೆ ಬರುತ್ತಿದ್ದರು. ಸುಮಾರು ಎರಡರಷ್ಟು ದೂರದ ಬೆಂಗಳೂರಿಗೆ ಬಂದರೆ ಬರುತ್ತಿರಲಿಲ್ಲ, ಯಾಕೆಂದರೆ ಗಡಿ ದಾಟಲಿಲ್ಲ. ರೇಷನ್‌ನಲ್ಲಿ ಸುಧಾರಣೆ ಆಗಿದೆ, ಈಗ ಕಾರ್ಡು ಯಾವ ಊರಿನದಾದರೂ ಇಲ್ಲಿ ಅಕ್ಕಿ ತೆಗೆದುಕೊಳ್ಳಬಹುದು. ಆದರೆ ಊರಲ್ಲಿ ಅಜ್ಜ ಅಜ್ಜಿ ಇದ್ದಾರೆ, ಅವರೂ ಅದೇ ಕಾರ್ಡಿನಲ್ಲಿದ್ದಾರೆ. ಕಾರ್ಡು ಒಂದು, ಒಲೆ ಎರಡು. ಬಹಳ ಮನೆಯವರು ಅಕ್ಕಿಯನ್ನು ಮುದುಕರಿಗೆ ಬಿಟ್ಟು ಜೋಳ ಹೊತ್ತುಕೊಂಡು ಬರುತ್ತಾರೆ.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಅಂದಾಗ ಏನಾಯಿತು ಅನ್ನೋದು ನಿಮಗೆಲ್ಲ ನೆನಪಿದೆ. ಬಸ್ಸಿಲ್ಲ, ಕೆಲಸ ಇಲ್ಲ, ಎಷ್ಟೋ ಮೇಸ್ತ್ರಿಗಳ ಫೋನು ಸ್ವಿಚ್ ಆಫ್. ಮೇ ತಿಂಗಳ ಮೊದಲ ದಿನಗಳಲ್ಲಿ ಮೆಜೆಸ್ಟಿಕ್‌ನಲ್ಲಿ ಊರಿಗೆ ಹೋಗೋಕೆ ಬಂದವರ ಹತ್ತಿರ ಸಾರಿಗೆ ಬಸ್ಸಿಗೆ ಎರಡರಷ್ಟು ಟಿಕೆಟ್ ಕೇಳಿದರು. ಜನ ಸಿಟ್ಟಾದ ಮೇಲೆ ಉಚಿತ ಮಾಡಿದರು. ಹೋದವರು ಇನ್ನು ಬರುವುದಿಲ್ಲ ಅಂತ ಬಹಳ ಜನ ಬರೆದರು, ಹಳ್ಳಿ ಮತ್ತೆ ತುಂಬಿತು ಅಂತ ಖುಷಿಪಟ್ಟರು. ಅದೇ ವರ್ಷ ದೀಪಾವಳಿ ಆದ ಮೇಲೆ ಬಸ್ಸುಗಳು ಮತ್ತೆ ತುಂಬಿದವು. ಸಾಲದ ಬಡ್ಡಿ ಲಾಕ್‌ಡೌನ್‌ನಲ್ಲೂ ಓಡುತ್ತಿತ್ತು.

ಒಂದು ಮಾತು ಬೇರೆ ಜಿಲ್ಲೆಗಳ ಬಗ್ಗೆ. ಎಲ್ಲ ವಲಸೆಯೂ ಸಾಲದ್ದಲ್ಲ. 2001ರಿಂದ 2011ರ ನಡುವೆ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ ಏರುವ ಬದಲು ಸ್ವಲ್ಪ ಇಳಿಯಿತು. ಮಲೆನಾಡಿನಲ್ಲಿ ಮಳೆಗೆ ಬರ ಇಲ್ಲ. ಅಲ್ಲಿನ ಮಕ್ಕಳು ಓದಿಗೆ ಹೋದರು, ಓದು ಬೆಂಗಳೂರಿಗೆ ಕರೆದುಕೊಂಡು ಹೋಯಿತು, ತೋಟದ ಮನೆಯಲ್ಲಿ ವಯಸ್ಸಾದ ಇಬ್ಬರು ಉಳಿದರು. ಕಾಫಿ ತೋಟದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಅಸ್ಸಾಂನಿಂದ ಜನ ಬರುತ್ತಿದ್ದಾರೆ. ಮಂಡ್ಯ ಕಡೆ ಬೇರೆಯೇ ಒಂದು ಸಂಕಟ, ರೈತನ ಮಗನಿಗೆ ಹೆಣ್ಣು ಕೊಡುವುದಿಲ್ಲ. 2023ರ ಫೆಬ್ರುವರಿಯಲ್ಲಿ ಮದುವೆಯಾಗದ ಯುವಕರು ಅಲ್ಲಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ನಾಲೆ ಬಯಲಿನ ಹೊಲ ಇದ್ದೂ ಹುಡುಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸಕ್ಕೆ ಸೇರುತ್ತಾನೆ, ಯಾಕೆಂದರೆ ತಿಂಗಳ ಸಂಬಳ ಅಂತ ಹೇಳಿಕೊಳ್ಳೋಕೆ ಏನಾದರೂ ಬೇಕು. ರೈತನ ಮನೆ ಬೇಡ ಅನ್ನುವ ಹೆಣ್ಣುಮಕ್ಕಳನ್ನು ದೂರುವವರು ಒಂದು ವಿಷಯ ಯೋಚಿಸಬೇಕು. ಅವರು ಅಮ್ಮಂದಿರ ಬದುಕನ್ನು ಹತ್ತಿರದಿಂದ ನೋಡಿದ್ದಾರೆ, ಬೆಳಗಿನ ಹಾಲು ಕರೆಯುವುದರಿಂದ ರಾತ್ರಿ ಪಾತ್ರೆ ತೊಳೆಯುವವರೆಗೆ. ಬೇಡ ಅನ್ನೋದು ಅವರ ತೀರ್ಮಾನ, ಅದಕ್ಕೆ ಕಾರಣ ಇದೆ.

ಇಷ್ಟು ಹೇಳಿ ಮಾತು ನಿಲ್ಲಿಸಿದೆ. ಆಮೇಲೆ ಒಬ್ಬ ವಿದ್ಯಾರ್ಥಿ ಕೇಳಿದರು: ಆ ಜಿಲ್ಲೆಗಳಲ್ಲೇ ದೊಡ್ಡ ಕಾರ್ಖಾನೆ ಹಾಕಿದರೆ ಗುಳೆ ನಿಲ್ಲುವುದಿಲ್ಲವಾ?

ರಾಯಚೂರಿನಲ್ಲಿ ದೊಡ್ಡ ಕಾರ್ಖಾನೆ ಈಗಾಗಲೇ ಇದೆ ಅಂದೆ. ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ 1985ರಲ್ಲಿ ಶುರುವಾಯಿತು, ಎಂಟು ಘಟಕ, ಒಟ್ಟು 1,720 ಮೆಗಾವ್ಯಾಟ್. ಹಟ್ಟಿ ಚಿನ್ನದ ಗಣಿಯೂ ಅದೇ ಜಿಲ್ಲೆಯಲ್ಲಿದೆ. ಬೆಂಗಳೂರಿನ ದೀಪಕ್ಕೆ ಆ ಕರೆಂಟಿನ ಪಾಲು ಬಹಳ ವರ್ಷಗಳಿಂದ ಇದೆ. ಆದರೆ ಇಂಥ ಕಾರ್ಖಾನೆಗಳಲ್ಲಿ ಕೆಲಸ ಕೊಡುವುದು ಕೆಲವು ಸಾವಿರ ಜನಕ್ಕೆ, ಅದೂ ಐಟಿಐ, ಡಿಪ್ಲೊಮಾ ಓದಿದವರಿಗೆ. ನನಗೆ ಅನ್ನಿಸುವುದು, ಅದಕ್ಕಿಂತ ಮೊದಲು ಆಗಬೇಕಾದದ್ದು ಎರಡು. ತಾಲೂಕು ಆಸ್ಪತ್ರೆಯಲ್ಲೇ ಆಪರೇಷನ್ ಆಗುವಂತಿದ್ದರೆ ಇಡಿಗಂಟು ಸಾಲದ ಒಂದು ದೊಡ್ಡ ಕಾರಣ ಹೋಗುತ್ತದೆ. ಆಗಸ್ಟ್‌ನಲ್ಲಿ, ಮೇಸ್ತ್ರಿ ಬರುವ ಮೊದಲು, ಕೂಲಿಯವರಿಗೂ ಕಡಿಮೆ ಬಡ್ಡಿಯ ಸಾಲ ಸೊಸೈಟಿಯಲ್ಲಿ ಸಿಗುವಂತಿದ್ದರೆ ಹೋಗಬೇಕೋ ಬೇಡವೋ ಅಂತ ಅವರು ನವೆಂಬರ್‌ನಲ್ಲಿ ಯೋಚಿಸಬಹುದು. ಆಗಲೂ ಕೆಲವರು ಹೋಗುತ್ತಾರೆ. ಹೋಗಲಿ. ಸಾಲಕ್ಕೆ ಕಟ್ಟುಬಿದ್ದು ಹೋಗುವುದು ಬೇರೆ, ನಾಲ್ಕು ಕಾಸು ಮಾಡಿಕೊಂಡು ಬರೋಣ ಅಂತ ಹೋಗುವುದು ಬೇರೆ.

ಇನ್ನೊಬ್ಬ ವಿದ್ಯಾರ್ಥಿನಿ, ನಾವು ಬೆಂಗಳೂರಿನಲ್ಲಿ ಇರುವವರು, ನಮ್ಮ ಕೈಯಲ್ಲಿ ಏನಾಗುತ್ತದೆ ಸರ್ ಅಂದರು. ಅವರ ಮನೆಯ ಮೇಲೆ ಎರಡನೇ ಮಹಡಿ ಕಟ್ಟಿಸುತ್ತಿದ್ದಾರಂತೆ.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆಯಿಂದ ಬಂದ ಕಲ್ಯಾಣ ಮಂಡಳಿ ಇದೆ. ಕಟ್ಟಡದ ಖರ್ಚಿನ ಮೇಲೆ ಶೇಕಡ 1ರಷ್ಟು ಸೆಸ್ ವಸೂಲಿ ಮಾಡಿ ಆ ದುಡ್ಡು ಅಲ್ಲಿಗೆ ಹೋಗುತ್ತದೆ. ಲೇಬರ್ ಕಾರ್ಡ್ ಇದ್ದರೆ ಮಕ್ಕಳ ಓದಿಗೆ ನೆರವು, ಹೆರಿಗೆಗೆ ನೆರವು, ಕೆಲಸದಲ್ಲಿ ಬಿದ್ದು ಸತ್ತರೆ ಮನೆಯವರಿಗೆ ಪರಿಹಾರ, 60 ಆದ ಮೇಲೆ ಪಿಂಚಣಿ ಇದೆ. ಕಾರ್ಡ್ ಮಾಡಿಸೋಕೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದೃಢೀಕರಣ ಪತ್ರ ಬೇಕು. ಊರಿನಿಂದ ಬಂದವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒಂದು ಸೈಟಿನಲ್ಲಿ ಎರಡು ತಿಂಗಳು, ಇನ್ನೊಂದರಲ್ಲಿ ಒಂದು ತಿಂಗಳು, ಯಾರೂ ಸಹಿ ಹಾಕುವುದಿಲ್ಲ. ಆ ಪತ್ರಕ್ಕೆ ಕೆಲಸ ಕೊಟ್ಟವರು ಸಹಿ ಹಾಕಬಹುದು. ನಿಮ್ಮ ಮನೆಗೆ ಬುಟ್ಟಿ ಹೊತ್ತವರ ಹೆಸರು, ಆಧಾರ್ ನಂಬರ್, ಎಷ್ಟು ದಿನ ಕೆಲಸ ಮಾಡಿದರು ಅನ್ನೋದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮೇಸ್ತ್ರಿಯನ್ನು ಕೇಳಿದರೆ ಆಮೇಲೆ ನೋಡೋಣ ಅನ್ನುತ್ತಾನೆ, ಅವನಿಗಾಗಿ ಕಾಯಬೇಡಿ. ಕೆಲಸ ಮುಗಿಯುವ ವಾರ ನಿಮ್ಮ ಅಪ್ಪನ ಹತ್ತಿರ ಸಹಿ ಹಾಕಿಸಿ ಪತ್ರವನ್ನು ಅವರ ಕೈಗೇ ಕೊಡಿ. ಹೆಂಗಸರ ಹೆಸರಿನಲ್ಲಿ ಬೇರೆ ಪತ್ರ ಮಾಡಿಸೋದನ್ನು ಮರೆಯಬೇಡಿ, ಜೋಡಿ ಅಂತ ಕರೆದುಕೊಂಡು ಬಂದು ಕಾರ್ಡು ಮಾಡಿಸುವಾಗ ಗಂಡನದು ಒಂದೇ ಮಾಡಿಸಿ ಕೈಬಿಡುತ್ತಾರೆ.